ಇಮಾಮಸಾಬನ ಹಾಡು, ಅಣ್ಣನ ಪಲ್ಯ

ನರೇಗಲ್ಲ ಪ್ಯಾಟ್ಯಾಗ ಮೈಗಳ್ಳರಿಗೆ ಇವತ್ತಿಗೂ ‘ಇಮಾಮಸಾಬನ ಹಾಡು’ ಅಂತಾರ. ಹಾಡು ದೊಡ್ಡದು, ನೀರು ಸಣ್ಣದು ಅಂತ ಅದರ ಅರ್ಥ. ಈ ಮಾತು ಕಿವಿಗೆ ಬಿದ್ದರ ನನಗ ಸಿಟ್ಟು ನೆತ್ತಿಗೇರತೈತಿ. ಹೋದ ಸಂತಿ ದಿವಸ ಇದೇ ಮಾತಿಗೆ ಒಬ್ಬನ ರುಮಾಲ ಕಿತ್ತು ರಾಡ್ಯಾಗ ಒಗದೀನಿ. ಯಾಕಂದ್ರ ಆ ಮಾತು ಹುಟ್ಟಿದ್ದು ನಮ್ಮ ಅಣ್ಣ ಗುರುಸಂಗಪ್ಪನ ಬಾಯಾಗ, ಮತ್ತ ಅದು ಸುಳ್ಳು.

ಇಮಾಮಸಾಬ ನಮ್ಮ ಬಾವಿಯ ಕಪಲಿ ಹೊಡೆಯುವವ. ಅವರಪ್ಪನೂ ಅದೇ ಬಾವಿ ಮ್ಯಾಲೆ ಮುದುಕಾದವ. ಎತ್ತು ಇಳಿಜಾರಿನಾಗ ಇಳಿದರ ತೊಗಲಿನ ಬಾನಿ ಮ್ಯಾಲ ಬಂದು ಕಲ್ಲಿನ ಟಾಕಿಗೆ ನೀರು ಸುರೀತಿತ್ತು. ಟಾಕಿಯಿಂದ ಮಣ್ಣಿನ ಕೊಳವಿ, ನೆಲದಾಗ ಹೂತದ್ದು, ಹಿತ್ತಲ ದಾಟಿ ನಮ್ಮ ಬಚ್ಚಲಕ್ಕ ಬರತಿತ್ತು. ಊರಾಗ ಅಂಥಾ ಸೊಗಸು ಇದ್ದದ್ದು ನಮ್ಮ ಮನಿಗೆ ಒಂದಕ್ಕೇ. ಇಮಾಮಸಾಬ ಮನಷ್ಯಾರ ಜೋಡಿ ಮಾತಾಡೂದು ಕಡಿಮಿ. ಎತ್ತಿನ ಮುಂದ ಮಾತ್ರ ಹಾಡೇ ಹಾಡು. ‘ಮನ್ಯಾಗ ಮಾತಿಗೆ ಬರ, ಎತ್ತಿನ ಮುಂದ ಸುಗ್ಗಿ’ ಅಂತ ಅವನ ಹೇಂತಿ ಜಮಾಲಬಿ ನಗತಿದ್ದಳು. ಹಾಡು ನಿಂತರ ಎತ್ತೂ ನಿಲ್ಲತಿದ್ದವು.

ಇಂಗ್ರೇಜರ ಜೋಡಿ ನಡದ ನರಗುಂದದ ಗದ್ದಲಕ್ಕ ಮೂರು ವರ್ಷ ಮೊದಲಿನ ಬ್ಯಾಸಗಿ. ಬಚ್ಚಲದ ಕೊಳವಿ ಬಾಯಿಂದ ಗೇಣುದ್ದ ಹಾರಿ ಬೀಳತಿದ್ದ ನೀರು ಗ್ವಾಡಿ ನೆಕ್ಕಿಕೋತ ಇಳಿಯಾಕ ಹತ್ತಿತು. ಹಂಡೆ ತುಂಬೂದರಾಗ ಒಲಿ ಆರತಿತ್ತು. ಅಣ್ಣ ಬಾವಿಗೆ ಹೋಗಿ ನೋಡಿದ. ಟಾಕಿ ತುಂಬಿ ತುಳಕತಿತ್ತು.

“ನೋಡ್ರಿ ಸಾವಕಾರ್ರ, ನನ್ನ ಕಡಿಂದ ಕಸರ ಇಲ್ಲ,” ಅಂದ ಇಮಾಮಸಾಬ.

“ನಾ ಬರೂದ ಕಂಡು ಈಗ ತುಂಬಿಸಿರತಿ. ಹಿಂದ ನಿದ್ದಿ ಹೊಡೀತಿ.”

“ನಿದ್ದ್ಯಾಗ ಹಾಡತಾರೇನ್ರಿ? ಹಾಡು ನಿಮ್ಮ ಮನಿ ತನಕ ಕೇಳತೈತೆಲ್ಲ.”

“ಹಾಡು ಬರತೈತಿ, ನೀರು ಬರಂಗಿಲ್ಲ!”

ಅದೇ ಸಂಜಿ ಅಣ್ಣ ಪ್ಯಾಟಿಯ ಬೇವಿನ ಕಟ್ಟಿ ಮ್ಯಾಲ ಕುಂತು ಅದನ್ನೇ ಆಡಿ ತೋರಿಸಿದ, ಇಮಾಮಸಾಬನ ಧಾಟಿ ಸುದ್ದಾ ಹಚ್ಚಿ. ಕಟ್ಟಿ ಮಂದಿ ಹೊಟ್ಟಿ ಹಿಡಕೊಂಡು ನಕ್ಕರು. ಮರುದಿವಸ ಹುಡುಗರು ಅವನ ಬೆನ್ನು ಹತ್ತಿದವು. ಅಮಾಸಿ ಕಳದರ ಸವಡಿ ಊರಿಂದ ಬ್ಯಾರೆ ಆಳು ತರತೀನಿ ಅಂತ ಅಣ್ಣ ಹೇಳಿ ಕಳಿಸಿದ. ಕಪಲಿ ಬಿಟ್ಟರ ಇಮಾಮಸಾಬಗ ಬ್ಯಾರೆ ಕಸಬು ಗೊತ್ತಿಲ್ಲ. ನಾನು ಅಣ್ಣನ ಜೋಡಿ ಜಗಳಾಡಿ ತಂಬಿಗಿ ಒಗದೆ. ಅದರಿಂದ ತಂಬಿಗಿಗೆ ತಗ್ಗು ಬಿತ್ತು, ಮತ್ತೇನೂ ಆಗಲಿಲ್ಲ.

ಅಮಾಸಿ ಹಿಂದಿನ ದಿವಸ ಮಧ್ಯಾಹ್ನ ಇಮಾಮಸಾಬ ಹಗ್ಗ ಕೇಳಾಕ ಮನಿಗೆ ಬಂದ. ಅಣ್ಣ ಪಡಸಾಲ್ಯಾಗ ಊಟಕ್ಕ ಕುಂತಿದ್ದ. ಅಣ್ಣನ ಹೇಂತಿ, ವೈನಿ ಗೌರವ್ವ, ಬುಟ್ಟಿ ತುಂಬ ಕಿರಕಸಾಲಿ ಸೊಪ್ಪು ಸೋಸಕೋತ, “ಜಮಾಲಬಿಗೂ ಒಂದೀಟು ಒಯ್ಯೋ,” ಅಂದಳು.

ಇಮಾಮಸಾಬ ಸೊಪ್ಪು ಹಿಡಕೊಂಡು ಹಂಗ ನಿಂತ. “ಯವ್ವಾ, ಇಂಥಾ ಬಿಸಲಾಗ ಕತ್ತೆ ತಿನ್ನಾಕ ಹುಲ್ಲಿಲ್ಲ. ಇದೆಲ್ಲಿದು?”

“ನಮ್ಮ ಹಿತ್ತಲದಾಗ, ಬೇಲಿ ಬುಡಕ್ಕ. ತಾನ ಬರತೈತಿ. ಕಿತ್ತಷ್ಟೂ ಚಿಗಿತೈತಿ. ನಿಮ್ಮ ಸಾವಕಾರ್ರು ದಿನಾ ಇದನ್ನ ಕೇಳತಾರ.”

ಇಮಾಮಸಾಬ ಪಡಸಾಲಿ ಕಡೆ ತಿರಗಿದ. “ಸಾವಕಾರ್ರ, ಪಲ್ಯ ಹ್ಯಾಂಗಾಗೇತ್ರಿ?”

“ಭಾಳ ಚಲೋ ಆಗೇತಿ. ನಿನಗ್ಯಾಕ?”

“ನಿಮ್ಮ ಬಚ್ಚಲದ ನೀರು ಅದರಾಗ ಐತ್ರಿ.”

ಅಣ್ಣನ ಕೈಯಾನ ತುತ್ತು ಕೈಯಾಗ ಉಳೀತು. ನಾನು ಆಗಲೇ ಸಲಿಕಿ ತಗೊಂಡು ಹಿತ್ತಲಕ್ಕ ಓಡಿದ್ದೆ. ಸೊಪ್ಪಿನ ಬುಡ ಅಗದರ ಕೆಸರು, ಕೆಸರಿನ ಕೆಳಗ ಕೊಳವಿ. ನಮ್ಮದು ಕರೀ ಮಣ್ಣಿನ ಎರಿ ಭೂಮಿ. ಬ್ಯಾಸಗ್ಯಾಗ ಬಿರಕ ಬಿಟ್ಟು ಜಗ್ಗತೈತಿ. ಕೊಳವಿ ಕೂಡಿಸಿದವ ಗಜೇಂದ್ರಗಡದ ಕಡೆ ಜಗ್ಗದ ಕೆಂಪು ಮಸಾರಿ ನೆಲದವ, ಅಲ್ಲಿ ಹೂತಂಗ ಇಲ್ಲಿಯೂ ಬರೇ ಮಣ್ಣಾಗ ಹೂತಿದ್ದ. ನೆಲ ಜಗ್ಗಿದಾಗ ಎರಡು ಕೊಳವಿಯ ಸಂದು ಬೆರಳು ತೂರುವಷ್ಟು ಅಗಲಾಗಿತ್ತು. ಇಮಾಮಸಾಬ ಹಳ್ಳದ ಉಸುಕು ತಂದು ಕೊಳವಿಗೆ ಹಾಸಿಗಿ ಮಾಡಿದ, ಸುಣ್ಣ ಬೆಲ್ಲದ ಗಾರಿ ಮೆತ್ತಿದ. ಗಾರಿ ಒಣಗಿದ ಮ್ಯಾಲ ನೀರು ಬಿಟ್ಟರ ಮತ್ತ ಗೇಣುದ್ದ ಹಾರಿತು. ವೈನಿಗೆ ಮಾತ್ರ ಪಲ್ಯದ ಚಿಂತಿ ಹತ್ತಿತು.

ಅಣ್ಣ ಒಂದು ಚೀಲ ಜ್ವಾಳ ಕೊಡಾಕ ಹ್ವಾದ. ಇಮಾಮಸಾಬ ಮುಟ್ಟಲಿಲ್ಲ.

“ಜ್ವಾಳ ಮನ್ಯಾಗ ಅದಾವ್ರಿ. ಕಟ್ಟಿ ಮ್ಯಾಲ ಆಡಿದ ಮಾತು ಕಟ್ಟಿ ಮ್ಯಾಲೇ ತಿರುಗಿ ತಗೋರಿ. ಅಷ್ಟ ಸಾಕು.”

“ಆತೇಳು, ಸಂತಿ ದಿವಸ ಹೇಳತೀನಿ.”

ಆ ಸಂತಿ ದಿವಸ ಅಣ್ಣಗ ತಲಿ ನೋವು. ಮುಂದಿನ ಸಂತಿಗೆ ಬೀಗರು ಬಂದರು. ಆಮ್ಯಾಲ ಬಿತ್ತಿಗಿ ಗಡಿಬಿಡಿ. ಇಮಾಮಸಾಬ ಸಂತಿಗೊಮ್ಮೆ ಕಟ್ಟಿ ಕಡೆ ಹೋಗಿ ದೂರ ನಿಂತು ಬರತಿದ್ದ. ಕೇಳತಿರಲಿಲ್ಲ, ನಿಲ್ಲತಿದ್ದ. ಹಿಂಗಾರಿ ಬಿತ್ತೂದರಾಗ ಹೇಂತಿನ್ನ ಕರಕೊಂಡು ಗಜೇಂದ್ರಗಡಕ್ಕ ಹ್ವಾದ. ಅಲ್ಲಿ ಯಾರದೋ ತ್ವಾಟದ ಕಪಲಿ ಹಿಡಿದಾನ ಅಂತ ಸುದ್ದಿ. ಸವಡಿಯಿಂದ ಬಂದ ಆಳಿಗೆ ಹಾಡಾಕ ಬರತಿರಲಿಲ್ಲ. ನಮ್ಮ ಎತ್ತು ಅವನ ಮಾತು ಕೇಳಲೇ ಇಲ್ಲ.

ಅಣ್ಣ ಆ ಚಳಿಗಾಲದಾಗ ತೀರಿಕೊಂಡ. ನಾನು ಕಟ್ಟಿ ಮ್ಯಾಲ ನಿಂತು, ಅವಂದು ತಪ್ಪು, ಇಮಾಮಸಾಬ ಖರೇ ಮನಷ್ಯಾ ಅಂತ ಒದರಿದೆ. ಮಂದಿ ಕೇಳಿದರು. “ನಿಮ್ಮಣ್ಣ ಅಂದಿದ್ದಿಲ್ಲಲ್ಲ,” ಅಂದರು. ಗಡಕ್ಕ ಹೋಗಿ ಅದನ್ನ ಹೇಳಿದರ ಇಮಾಮಸಾಬನೂ ಅದನ್ನೇ ಅಂದ, “ಬಾಕಿ ನಿಮ್ಮಣ್ಣಾರದ್ರಿ, ನಿಮ್ಮದಲ್ಲ.” ಎತ್ತು ತಿರುವಿಕೊಂಡು ಹ್ವಾದ.