ಎರಡನೇ ತಿಜೋರಿಯ ಲಕೋಟೆ

ಕೊಪ್ಪದ ಬಸ್ ನಿಲ್ದಾಣದ ಎದುರಿನ ಸೈಬರ್ ಸೆಂಟರಿನ ಯಜಮಾನರು ತಮ್ಮ ಪಾಸ್‌ವರ್ಡುಗಳಿಗೆ ಕಂಪ್ಯೂಟರಿನೊಳಗೇ ಎರಡು ತಿಜೋರಿ ಮಾಡಿದ್ದರು. ದಿನಬಳಕೆಯವು ಒಂದರಲ್ಲಿ, ಬ್ಯಾಂಕಿನವು, ತೀರಾ ಖಾಸಗಿಯವು ಇನ್ನೊಂದರಲ್ಲಿ.

"ಎಲ್ಲ ಒಂದೇ ಕಡೆ ಇಡ್ಬಾರ್ದು ಮಾರಾಯ" ಎನ್ನುತ್ತ ಕನ್ನಡಕವನ್ನು ಅಂಗಿಯ ತುದಿಯಿಂದ ಒರೆಸುತ್ತಿದ್ದರು.

ನನಗೂ ಹಾಗೇ ಮಾಡಿಕೊಟ್ಟರು. ನಾಳೆ ಮರೆತರೆ ಬೇಕಾದೀತೆಂದು ಎರಡನೇ ತಿಜೋರಿಯ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆಸಿ, ಲಕೋಟೆಗೆ ಹಾಕಿ ಅಂಟಿಸಿ, ಮೇಲೆ ನಂಬಿಕೆಯವರೊಬ್ಬರ ಹೆಸರು ಬರೆದು ಅವರ ಹತ್ತಿರ ಕೊಟ್ಟಿಡಲು ಹೇಳಿದರು. ನಾನು ತಂಗಿಯ ಹೆಸರು ಬರೆದೆ.

"ನಿಮ್ದು ಯಾರ ಹತ್ರ ಇದೆ?" ಎಂದು ಕೇಳಿದೆ.

ಡ್ರಾಯರಿನಿಂದ ತಮ್ಮ ಲಕೋಟೆ ತೆಗೆದು ತೋರಿಸಿದರು. ಅಂಚುಗಳೆಲ್ಲ ಹಳದಿಯಾಗಿದ್ದವು. ಹೆಸರಿನ ಜಾಗ ಖಾಲಿಯಿತ್ತು.

"ಬರೀಬೇಕು ಮಾರಾಯ, ಪೆನ್ನೇ ಸಿಕ್ಲಿಲ್ಲ."

ಅವರ ಜೇಬಿನಲ್ಲಿ ಮೂರು ಪೆನ್ನುಗಳಿದ್ದವು.