ಕೊಟ್ರೇಶನ ಮೇಲೆ ನಿಮ್ಮ ಬ್ಯಾನರ್ ಹೊದಿಸಬೇಡಿ

ಬೆಳಿಗ್ಗೆ ಫೋನ್ ಮಾಡಿದವನಿಗೆ ಬೈದುಬಿಟ್ಟೆ…
ಇಂಥ ತಮಾಷೆ ಮಾಡಬೇಡ ಅಂತ.
ಆತ ಮತ್ತೆ ಅದನ್ನೇ ಹೇಳಿದ…
ಹಿಂದೆ ಯಾರೋ ಅಳುವುದು ಕೇಳಿಸಿತು.

ನಮ್ಮ ಕೊಟ್ರೇಶ ಇಲ್ಲ.
ಹಗರಿಬೊಮ್ಮನಹಳ್ಳಿಯ ಗರಡಿಮನೆಯಲ್ಲಿ ಮುಯ್ ಥಾಯ್ ಕಲಿಸುತ್ತಿದ್ದ ಕೊಟ್ರೇಶ…
ಹಾರ್ಟ್ ಅಟ್ಯಾಕ್ ಅಂತೆ.
ಪ್ರಾಕ್ಟೀಸ್ ಮುಗಿಸಿ ಮನೆಗೆ ಬಂದು, ನೀರು ಕೇಳಿ, ಹಾಗೇ ಗೋಡೆಗೆ ಒರಗಿದನಂತೆ.

ಈ ಕಮ್ಯುನಿಟಿಯಲ್ಲಿ ಆಗಿನಿಂದ ಮೆಸೇಜ್ ಮೇಲೆ ಮೆಸೇಜ್…
"ಕರಾಟೆ ಮಾಸ್ಟರ್ ಇನ್ನಿಲ್ಲ" ಎಂದು ಒಬ್ಬರು. ಅವನು ಕರಾಟೆ ಮುಟ್ಟಿದವನೇ ಅಲ್ಲ.
"ನಮ್ಮ ಸಂಘದ ಹೆಮ್ಮೆ" ಎಂದು ಇನ್ನೊಬ್ಬರು…
ಅದನ್ನು ಓದಿದ ಮೇಲೆ ಸುಮ್ಮನಿರಲು ಆಗಲಿಲ್ಲ.
ಗೊತ್ತಿಲ್ಲದವರಿಗಾಗಿ ಬರೆಯುತ್ತಿದ್ದೇನೆ… ಗೊತ್ತಿದ್ದೂ ಮರೆತವರು ಸಹ ಓದಲಿ.

ಕೊಟ್ರೇಶ ತೊಂಬತ್ತರ ದಶಕದಲ್ಲಿ ಬ್ಯಾಂಕಾಕಿನ ಒಂದು ಇಂಡಿಯನ್ ಹೋಟೆಲಿಗೆ ಅಡುಗೆಗೆ ಹೋದವನು.
ಹೋಟೆಲಿನ ಹಿಂದೆಯೇ ಮುಯ್ ಥಾಯ್ ಕಲಿಸುವ ಜಾಗ…
ಥಾಯ್ ಜನರ ಹಳೆಯ ಬಾಕ್ಸಿಂಗ್. ಮುಷ್ಟಿ, ಮೊಣಕೈ, ಮೊಣಕಾಲು, ಒದೆತ ಎಲ್ಲವೂ ಉಂಟು.
ಅಲ್ಲಿನ ಮುದುಕ ಗುರು ಇವನನ್ನು ಮಗನ ಹಾಗೆ ನೋಡಿಕೊಂಡರು.
ಊರಿಗೆ ಬಂದಾಗ, ಒದೆಯುವುದು ತೋರಿಸು ಅಂತ ನಾವೆಲ್ಲ ಗಂಟುಬಿದ್ದೆವು.
ಅವನು ಮೊದಲು ನಮಸ್ಕಾರ ಕಲಿಸಿದ…

"ಇದಕ್ಕ ವಾಯ್ ಕ್ರು ಅಂತಾರ. ಕ್ರು ಅಂದ್ರ ನಮ್ಮ ಗುರುನೇ. ತಲಿಗೆ ಕಟ್ಟೋದು ಮೊಂಗ್‌ಕೊನ್… ಅದೂ ನಮ್ಮ ಮಂಗಳ ಅನ್ನೋ ಮಾತೇ. ಗುರು ಕಟ್ತಾನ, ಗುರುನೇ ಬಿಚ್ತಾನ. ನೆಲಕ್ಕ ಇಡಂಗಿಲ್ಲ."

ಥಾಯ್ ವಾದ್ಯದ ಕ್ಯಾಸೆಟ್ ಹಾಕಿ, ಮಂಡಿಯೂರಿ, ತೋಳು ಚಾಚಿ, ನಿಧಾನಕ್ಕೆ ಕುಣಿದಂತೆ ಗುರುವಿಗೆ ವಂದಿಸುವುದು…
ವರ್ಷಕ್ಕೊಮ್ಮೆ ಗುರುಗಳ ಹಬ್ಬವನ್ನೂ ಮಾಡುತ್ತಿದ್ದ.
ಥಾಯ್‌ಲೆಂಡಿನಲ್ಲಿ ಬಾಕ್ಸರುಗಳ ಕೊರಳಿಗೆ ಮಲ್ಲಿಗೆ ಹಾಕುತ್ತಾರೆ ಎಂದು ಹಡಗಲಿಯಿಂದ ಬಸ್ಸಿನಲ್ಲಿ ಮಲ್ಲಿಗೆ ತರಿಸುತ್ತಿದ್ದ.
ಮೊದಲ ಹಾರ ಗರಡಿಯ ಹಳೇ ಉಸ್ತಾದರಿಗೆ.
ಆ ಹಿರಿಯರು ಪ್ರತಿ ಸಲ ಕಣ್ಣೊರೆಸಿಕೊಳ್ಳುತ್ತಿದ್ದರು.

ಇನ್ನು ಹರಪನಹಳ್ಳಿಯ ಆ ಸ್ಪರ್ಧೆ…
ಅವನ ಶಿಷ್ಯೆ ಹುಲಿಗೆಮ್ಮ ರಿಂಗ್ ಹತ್ತಿ ವಾಯ್ ಕ್ರು ಶುರು ಮಾಡಿದ್ದಳು.
ಸ್ಪರ್ಧೆ ನಡೆಸುತ್ತಿದ್ದ ಸಂಘದ ಅಧ್ಯಕ್ಷರು ಮೈಕಿನಲ್ಲಿ, "ಏಯ್, ರೆಕಾರ್ಡ್ ಡ್ಯಾನ್ಸ್ ಸಾಕು. ಅತಿಥಿಗಳು ಹೊಂಟಾರೆ, ಹೊಡೆದಾಟ ಶುರು ಮಾಡ್ರಿ" ಎಂದರು.
ಜನ ನಕ್ಕರು.
ರೆಕಾರ್ಡ್ ಡ್ಯಾನ್ಸ್, ಜಾತ್ರೆಯ ಕೊಳಕು ಕುಣಿತದ ಹೆಸರು… ಒಬ್ಬ ಹೆಣ್ಣುಮಗಳಿಗೆ… ಮೈಕಿನಲ್ಲಿ.
ಹುಲಿಗೆಮ್ಮ ನಿಲ್ಲಿಸಲಿಲ್ಲ.
ಅಧ್ಯಕ್ಷರು ತಾವೇ ಮೇಲೆ ಹತ್ತಿ, ಅವಳ ತಲೆಯ ಮೊಂಗ್‌ಕೊನ್ ಕಿತ್ತು ಕೆಳಕ್ಕೆ ಎಸೆದರು.
ಆಕೆ ಇಷ್ಟೇ ಅಂದಳು…
"ಮಾಸ್ತರು ಕಟ್ಟಿದ್ದು. ಮಾಸ್ತರೇ ಬಿಚ್ಚಬೇಕಿತ್ರಿ."

ಕೊಟ್ರೇಶ ಬಂದು ಅದನ್ನೆತ್ತಿ ಕಣ್ಣಿಗೊತ್ತಿಕೊಂಡ.
"ನಾವು ಆಡಂಗಿಲ್ರಿ. ಹುಲಿಗೆವ್ವಾ, ನಡಿ, ಮನಿಗೆ ಹೋಗೋಣ."

ಇಷ್ಟಕ್ಕೇ ಸಂಘದಿಂದ ಅಶಿಸ್ತಿನ ಹಣೆಪಟ್ಟಿ…
ಅವನ ಶಿಷ್ಯರಿಗೆ ಮುಂದೆ ಯಾವ ಸ್ಪರ್ಧೆಗೂ ಪ್ರವೇಶವಿಲ್ಲ.
ತಂದೆ-ತಾಯಂದಿರು ಮಕ್ಕಳನ್ನು ಒಬ್ಬೊಬ್ಬರನ್ನೇ ಬಿಡಿಸಿಕೊಂಡರು.
ಹುಲಿಗೆಮ್ಮ ಮಾತ್ರ ಬರುವುದು ಬಿಡಲಿಲ್ಲ. ಇವತ್ತು ಮುಂಜಾನೆಯೂ ಬಂದಿದ್ದಳು.

ಲೇ ಕೊಟ್ರ್ಯಾ…
ಅವತ್ತು ಬಸ್ಸಿನಾಗ ಕೇಳಿದ್ದೆ, ಒಂದು ಏಟಾದ್ರೂ ಹಾಕಬೇಕಿತ್ತಲ್ಲೋ ಅಂತ.
ನೀನು ಕಿಟಕಿ ಕಡೆ ನೋಡಿಕೋಂತ, "ಹೊಡದಿದ್ರ ಇದು ಬರೀ ಹೊಡೆದಾಟ ಅನ್ನೋ ಅವರ ಮಾತೇ ಖರೆ ಆಗ್ತಿತ್ತಲೇ" ಅಂದಿ…
ನನಗ ನಿನ್ನಷ್ಟು ತಾಳ್ಮಿ ಇಲ್ಲಪ್ಪ.
ಅವತ್ತಿನ ಸಿಟ್ಟು ಹಂಗೇ ಐತಿ.
ಈಗ ನಿನ್ನ ಮ್ಯಾಲೂ ಸಿಟ್ಟು… ಇಷ್ಟು ಲಗೂನ ಹೋಗೋದೇನಿತ್ತು…

ಮಧ್ಯಾಹ್ನ ಅದೇ ಅಧ್ಯಕ್ಷರು ಸಾವಿನ ಮನೆಗೆ ಕಾರಿನಲ್ಲಿ ಬಂದರು.
ಸಂಘದ ಹೆಸರಿನ ಬ್ಯಾನರ್ ಜೊತೆಗೆ… ದೇಹಕ್ಕೆ ಹೊದಿಸಿ ಫೋಟೋ ತೆಗೆಸಲು.
ಕೊಟ್ರೇಶನ ಹೆಂಡತಿ ನೀಲಮ್ಮನಿಗೆ ಅತ್ತು ಅತ್ತು ದನಿಯೇ ಹೋಗಿತ್ತು.
ಆದರೂ ಎದ್ದು ಬಂದು ಬಾಗಿಲಿಗೆ ಅಡ್ಡ ನಿಂತರು.

"ಮಣ್ಣಿಗೆ ಬಂದೀರಿ, ಬ್ಯಾಡ ಅನ್ನಂಗಿಲ್ಲ. ಕೈಮುಗಿದು ಹೋಗ್ರಿ. ಆ ಬಟ್ಟಿ ಹೊರಗಿಟ್ಟು ಬರ್ರಿ."

ಅಧ್ಯಕ್ಷರು ಸುತ್ತ ನೋಡಿದರು…
ಯಾರೂ ಅವರ ಪರ ಮಾತಾಡಲಿಲ್ಲ.
ಬ್ಯಾನರ್ ಮಡಚಿ ಕಟ್ಟೆಯ ಮೇಲಿಟ್ಟು, ತಲೆ ತಗ್ಗಿಸಿ ಒಳಗೆ ಹೋದರು.

ಸಂಜೆ ಮಣ್ಣು. ಬರುವವರು ಬನ್ನಿ… ಬರಿಗೈಯಲ್ಲಿ ಬನ್ನಿ.

ಹೋಗಿ ಬಾರೋ ಕೊಟ್ರ್ಯಾ…
ನಿನ್ನ ಜೀವ ಇನ್ನಾದ್ರೂ ತಣ್ಣಗಿರಲಿ.