ಸೋಮವಾರದ ಕಾವಲಿ

ಭಾರತೀನಗರದ ಬಸ್‌ಸ್ಟ್ಯಾಂಡಿನ ಪಕ್ಕ ಸಂಜೆ ಮಲ್ಲಿಗಮ್ಮ ಇದ್ದಿಲು ಹೊತ್ತಿಸಿದಳೆಂದರೆ ಸಾಕು, ಬಸ್ಸಿಗೆ ಕಾದವರ ಮೂಗೆಲ್ಲ ಅತ್ತಲೇ. ಡ್ರಮ್ಮನ್ನು ಉದ್ದಕ್ಕೆ ಸೀಳಿ ಕಾಲು ಕೂರಿಸಿದ ಒಲೆ, ಅದರ ಮೇಲೊಂದು ಜಾಲರಿ, ಜಾಲರಿಯ ಮೇಲೆ ಖಾರ ಮೆತ್ತಿದ ಬಂಡೂರು ಕುರಿಯ ಬಾಡು. ಒಂಬತ್ತು ವರ್ಷದಿಂದ ಇದೇ ಕಸುಬು. ಬೀಸಣಿಗೆ ಬೀಸುತ್ತ ಬೀಸುತ್ತ ಅವಳು ಎಲ್ಲೋ ಹೋಗಿಬಿಡುವಳು. ಗಿರಾಕಿ ಎರಡೆರಡು ಸಲ ಕೂಗಬೇಕು. ಕೆಂಡದ ಮೇಲೆ ನಡುಗುವ ಗಾಳಿಯಲ್ಲಿ ಅವಳಿಗೆ ಅಕ್ಕನ ಮುಖ ಕಾಣುತ್ತಿತ್ತು.

ಅಕ್ಕ ಮರಿತಾಯಮ್ಮ ಇದ್ದದ್ದೇನೂ ಕಾಶಿಯಲ್ಲಲ್ಲ, ಇಲ್ಲೇ ಪೂರಿಗಾಲಿಯಲ್ಲಿ. ಮಗ ಕಾಯಿಲೆ ಬಿದ್ದಾಗ ಮಾದಪ್ಪನಿಗೆ ಹರಕೆ ಹೊತ್ತು ಬಾಡು ಬಿಟ್ಟಳು. ಬಿಟ್ಟರೆ ಬಿಡಲಿ, ಪುಣ್ಯಾತಗಿತ್ತಿ! ಬಾಡು ಬೆಂದ ಪಾತ್ರೆಯಲ್ಲಿ ಮಾಡಿದ್ದೂ ಬೇಡವೆಂದಳು. ತಂಗಿ ಈ ಒಲೆ ಹೂಡಿದ್ದೂ ಅದೇ ವರ್ಷ. ಅಂದಿನಿಂದ ಅಕ್ಕ ಬರುತ್ತಾಳೆ, ಕೂರುತ್ತಾಳೆ, ನಗುತ್ತಾಳೆ, ತನ್ನ ಚೀಲದ ಎಲೆಅಡಿಕೆ ತಾನೇ ಹಾಕಿಕೊಂಡು ಎದ್ದು ಹೋಗುತ್ತಾಳೆ. ಒಂದೇ ತಟ್ಟೆಯಲ್ಲಿ ಉಂಡು ಬೆಳೆದವರು! ತನ್ನ ಕೈಯಿಂದ ಅಕ್ಕ ಒಂದು ರೊಟ್ಟಿ ತಿಂದರೆ ಸಾಕು ಎಂಬುದೊಂದೇ ಮಲ್ಲಿಗಮ್ಮನ ಆಸೆಯಾಗಿತ್ತು.

ಸೋಮವಾರ ಬಾಡು ಮುಟ್ಟುವವರಿಲ್ಲ. ಅಂದು ಒಲೆಯೂ ಮಲಗುತ್ತಿತ್ತು. ಕಾಲೇಜಿಗೆ ಹೋಗುವ ಮಗಳು ರೂಪ ಒಂದು ದಿನ ಮೊಬೈಲಿನಲ್ಲಿ ಏನೋ ನೋಡುತ್ತ ಅಂದಳು: "ಅವ್ವ, ಒಲೆ ಒಂದೇ ಇರ್ಲಿ, ಮ್ಯಾಲೆ ಮಡಗೋದು ಬದ್ಲಾಯ್ಸು. ಬೆಂಕಿಗೇನವ್ವ ಮೈಲ್ಗೆ?"

ಮಾತು ನಾಟಿತು. ವೆಲ್ಡಿಂಗ್ ಅಂಗಡಿಯಲ್ಲಿ ಸೋಮವಾರಕ್ಕೆಂದೇ ಹೊಸ ಸಾಮಾನು ಮಾಡಿಸಿದರು: ಒಲೆಯ ಅರ್ಧಕ್ಕೆ ಕೂರುವ ದಪ್ಪ ಕಾವಲಿ, ಉದ್ದ ಹಿಡಿಯ ತಂತಿ ಬುಟ್ಟಿ, ಬದನೆಕಾಯಿ ಸುಡಲು ಬೇರೆ ಜಾಲರಿ. ಕೆಂಡವನ್ನೆಲ್ಲ ಒಂದು ಬದಿಗೆ ಒಟ್ಟಿದರೆ ಕಾವಲಿಯಲ್ಲಿ ರಾಗಿರೊಟ್ಟಿ ಉಬ್ಬುತ್ತಿತ್ತು. ಕಾವು ಕಡಿಮೆಯಿದ್ದ ಕಡೆ ಬುಟ್ಟಿಯೊಳಗೆ ಕಡಲೆಕಾಯಿ ಚಟಪಟ ಅನ್ನುತ್ತಿತ್ತು. ಬೂದಿಯಲ್ಲಿ ಹೂತ ಗೆಣಸು ತನ್ನ ಪಾಡಿಗೆ ತಾನು ಬೇಯುತ್ತಿತ್ತು. ಇಷ್ಟು ದಿನ ಒಂದೇ ಪದ ಹಾಡುತ್ತಿದ್ದ ಒಲೆಯಲ್ಲಿ ಇಷ್ಟೆಲ್ಲ ಇತ್ತೇ ಎಂದು ಮಲ್ಲಿಗಮ್ಮ ಬೆರಗಾದಳು. ಕೆಲಸ ಮುಗಿದ ಮೇಲೆ ಎಲ್ಲವನ್ನೂ ತೊಳೆದು, ಹೊಸ ಬಟ್ಟೆಯಲ್ಲಿ ಸುತ್ತಿ ಬೇರೆ ಇಡುವಳು. ಆಮೇಲೆ ಅಕ್ಕನಿಗೆ ಹೇಳಿಕಳಿಸಿದಳು.

ಮುಂದಿನ ಸೋಮವಾರ ಮರಿತಾಯಮ್ಮ ಬಸ್ಸಿಳಿದು ಬಂದಳು. ಒಲೆಯನ್ನು ಸುತ್ತುಹಾಕಿ ನೋಡಿದಳು.

"ಎಲ್ಲ ಒಸದೇನಮ್ಮಿ?"

"ನಿನ್ನಾಣೆ ಒಸದು ಕಣಕ್ಕ."

"ಸರಿ, ಒಂದ್ ರೊಟ್ಟಿ ಆಕು, ನೋಡವ."

ಮಲ್ಲಿಗಮ್ಮನ ಕಾಲು ನೆಲಕ್ಕೆ ತಾಗಲಿಲ್ಲ. ರೊಟ್ಟಿ ತಟ್ಟಿದಳು, ಹಾಕಿದಳು, ತಿರುವಿದಳು, ಕಣ್ಣು ಮಾತ್ರ ಅಕ್ಕನ ಮುಖದಲ್ಲೇ ನೆಟ್ಟಿತ್ತು. ಮುತ್ತುಗದ ಎಲೆಯ ಮೇಲಿಟ್ಟು ಕೊಟ್ಟಳು. ಅಕ್ಕ ಒಂದು ಚೂರು ಮುರಿದಳು. ಆಗಲೇ ಮಲ್ಲಿಗಮ್ಮ ತನ್ನ ಕೈ ನೋಡಿಕೊಂಡದ್ದು.

ಕೈಯಲ್ಲಿದ್ದದ್ದು ಬಾಡಿನ ಇಕ್ಕಳ. ಅಯ್ಯೋ ಶಿವನೇ! ಎಲ್ಲ ಹೊಸದು ಮಾಡಿಸಿದವರು ಇದೊಂದನ್ನು ಮರೆತಿದ್ದರು. ಗೂಟದಲ್ಲಿ ನೇತಾಡುತ್ತಿದ್ದುದನ್ನು ಕೈ ತಾನಾಗೇ ಎಳೆದುಕೊಂಡಿತ್ತು. ಪಕ್ಕದಲ್ಲಿ ಕಡಲೆಕಾಯಿ ಬುಟ್ಟಿ ಆಡಿಸುತ್ತಿದ್ದ ರೂಪ ನೋಡಿದಳು, ಸುಮ್ಮನಿರು ಎಂದು ಕಣ್ಣಲ್ಲೇ ಗದರಿದಳು. ಹೌದು, ಸುಮ್ಮನಿದ್ದರೆ ಆಯಿತು. ಅಕ್ಕನ ಕೈ ಆಗಲೇ ಬಾಯಿಯ ಹತ್ತಿರವಿತ್ತು.

"ತಿನ್‌ಬ್ಯಾಡ ಕಣಕ್ಕ! ಇಕ್ಕಳ ಬಾಡಿಂದು!"

ಅಕ್ಕ ಚೂರನ್ನು ಎಲೆಗೆ ಹಾಕಿದಳು. ಎದ್ದಳು. ಅವಳ ಊರಿನ ಕಡೆಗೆ ಹೋಗುವ ಮಳವಳ್ಳಿ ಬಸ್ಸು ಹಾರನ್ ಹೊಡೆಯುತ್ತಿತ್ತು. ಮುಗಿಯಿತು, ಇನ್ನು ಈ ಜನ್ಮಕ್ಕಿಲ್ಲ ಎಂದುಕೊಂಡಳು ಮಲ್ಲಿಗಮ್ಮ.

"ಯೋಳ್ದೆ ಇದ್ದಿದ್ರೆ ತಿಂದ್‌ಬುಡ್ತಿದ್ನಲ್ಲಮ್ಮಿ."

"ಅದ್ಕೇ ಯೋಳ್ದೆ."

ಮರಿತಾಯಮ್ಮ ಬಸ್ಸಿನತ್ತ ಹೋಗದೆ ಒಲೆಯ ಹತ್ತಿರ ಬಂದು ತನ್ನ ಬಾಟಲಿಯ ನೀರನ್ನು ಕಾವಲಿಯ ಮೇಲೆ ಚುಂಯ್ ಎನ್ನುವಂತೆ ಸುರಿದಳು, ಬಟ್ಟೆಯಿಂದ ಒರೆಸಿದಳು.

"ಇಕ್ಕಳ ಅತ್ಲಾಗ್ ಬಿಸಾಕು. ಇನ್ನೊಂದ್ ತಟ್ಟು. ನಮ್ಮವ್ವ ಯಾವ ಇಕ್ಕಳ್ದಲ್ಲಿ ತಿರುವ್ತಿದ್ಲು?"

ಮಲ್ಲಿಗಮ್ಮ ಬರಿಗೈಯಲ್ಲೇ ತಿರುವಿದಳು. ಬೆರಳು ಸುಟ್ಟಿತು, ಸುಡಲಿ. ಅಕ್ಕ ಉಫ್ ಉಫ್ ಎಂದು ಊದಿಕೊಂಡು ತಿಂದಳು. ಚೂರೂ ಬಿಡದೆ ತಿಂದಳು. ಅಷ್ಟರಲ್ಲಿ ಬಸ್ಸು ಹೊರಟಿತು.

"ಬಸ್ ಓಯ್ತಲ್ಲಕ್ಕ!"

"ಓಗ್ಲಿ ಬುಡು," ಎಂದು ಮರಿತಾಯಮ್ಮ ಬರಿ ಎಲೆಯನ್ನು ಮುಂದೆ ಚಾಚಿದಳು. "ಒಂಬತ್ತು ವರ್ಸದ ಅಸಿವು ಕಣಮ್ಮಿ. ಇನ್ನೊಂದ್ ಆಕು."